ಉಡಿಯಕ್ಕಿ

ಮಾನ್ವಿ
11 ಫೆಬ್ರವರಿ 2025

ಮಲ್ಲೀ,

ಅವ್ವನ ಆಶೀರ್ವಾದ ಮೊದಲು ತೆಗೆದುಕೋ, ಸುದ್ದಿ ಆಮೇಲೆ. ಪತ್ರಕ್ಕೆ ಕುಳಿತರೆ ನನಗೆ ದೇವದುರ್ಗದ ಶಾಲೆಯಲ್ಲಿ ಕಲಿತ ಭಾಷೆಯೇ ಬರುತ್ತದೆ. ನಗಬೇಡ.

ನಿನ್ನ ತಂಗಿ ಸ್ವಪ್ನಾಳ ಮದುವೆ ಗೊತ್ತಾಗಿದೆ. ಹುಡುಗ ರಾಯಚೂರಿನವನು, ಗುತ್ತಿಗೆದಾರರ ಮನೆತನ. ಮದುವೆ ಮಾತ್ರ ರಾಯಚೂರಿನಲ್ಲೂ ಅಲ್ಲ, ಮಾನ್ವಿಯಲ್ಲೂ ಅಲ್ಲ. ರಾಜಸ್ಥಾನದ ಉದಯಪುರದಲ್ಲಿ, ಅರಮನೆಯಂಥ ಹೋಟೆಲಿನಲ್ಲಿ. ಎಲ್ಲ ನಿನ್ನ ಅಣ್ಣ ಕೊಟ್ರೇಶನ ಕಾರಭಾರ. ನಮ್ಮ ಮನೆಯವರಿಗಷ್ಟೇ ಎಂದು ಒಂದು ಸಣ್ಣ ವಿಮಾನವನ್ನೇ ಬಾಡಿಗೆಗೆ ಹಿಡಿದಿದ್ದಾನೆ. ಬಳ್ಳಾರಿ ಕಡೆ ಯಾವುದೋ ಸಣ್ಣ ಖಾಸಗಿ ವಿಮಾನ ನಿಲ್ದಾಣ ಇದೆಯಂತೆ, ಅಲ್ಲಿಂದ ಏರುವುದು. ನಿಮ್ಮ ಅಪ್ಪ ಪೋತ್ನಾಳದ ಗಿರಣಿಗೆ ಬಂದವರಿಗೆಲ್ಲ ಚಹಾ ಕುಡಿಸಿ ಇದನ್ನೇ ಹೇಳುತ್ತಿದ್ದಾರೆ.

ನೀನು ಮುಂಬೈಯಲ್ಲಿ ಇಂಥವೇ ಬಾಡಿಗೆ ವಿಮಾನ ಕಳಿಸುವ ಕಂಪನಿಯಲ್ಲಿರುವುದು ಅಪ್ಪ, ಅಣ್ಣ ಇಬ್ಬರಿಗೂ ಗೊತ್ತು. ಆದರೆ ಕೇಳಲು ಬಾಯಿ ಬರುವುದಿಲ್ಲ. ಸಿಂಧನೂರಿನ ಗಿರಣಿಯವರ ಸಂಬಂಧ ಒಲ್ಲೆ ಎಂದು ನಿಶ್ಚಯದ ದಿನ ನೀನು ಬಸ್ಸು ಹತ್ತಿದ್ದನ್ನು ಅಪ್ಪ ಮರೆತಿಲ್ಲ. ಮೊನ್ನೆ ಸ್ವಪ್ನಾ ಅಕ್ಕನನ್ನೂ ಕರೆಯೋಣ ಎಂದಿದ್ದಕ್ಕೆ ತಟ್ಟೆ ಸರಿಸಿ ಎದ್ದರು. "ಆಕಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ" ಅಂದರು. ನಾನು ತಟ್ಟೆ ಎತ್ತಿಟ್ಟೆ. ಸುಮ್ಮನಿದ್ದು ಸುಮ್ಮನಿದ್ದು ನನಗೆ ಸಾಕಾಗಿದೆ, ಮಲ್ಲೀ.

ಆದ್ದರಿಂದ ನಿನ್ನನ್ನು ನಾನು ಕೇಳುತ್ತೇನೆ. ವಿಮಾನದಲ್ಲಿ ಏನು ಒಯ್ಯಬಹುದು, ಏನು ಒಯ್ಯಬಾರದು? ನಾನು ಕಟ್ಟಬೇಕೆಂದಿರುವುದು ಇಷ್ಟು: ಶೇಂಗಾ ಹೋಳಿಗೆ, ಉಪ್ಪಿನಕಾಯಿ, ದೇವರ ದೀಪ, ಎಣ್ಣೆ, ಕರ್ಪೂರ, ಕಡ್ಡಿಪೆಟ್ಟಿಗೆ, ಅಪ್ಪನ ಚಹಾಕ್ಕೆ ಸಣ್ಣ ಗ್ಯಾಸ್ ಒಲೆ, ಒಂದು ಈಳಿಗೆ. ಎಲ್ಲಕ್ಕಿಂತ ಮುಖ್ಯ ಉಡಿಯಕ್ಕಿ. ದೇವದುರ್ಗದ ನನ್ನ ತವರಿನ ಹೊಲದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ. ನನ್ನ ಅವ್ವ ನನಗೆ ಆ ಹೊಲದ ಅಕ್ಕಿಯಿಂದಲೇ ಉಡಿ ತುಂಬಿದ್ದಳು. ಬೇರೆಲ್ಲ ಬಿಟ್ಟರೂ ಅದನ್ನು ಬಿಟ್ಟು ನಾನು ಮಗಳನ್ನು ಕಳಿಸುವುದಿಲ್ಲ.

ನನ್ನ ಕೈಗೆ ಇವರು ಫೋನ್ ಕೊಟ್ಟಿಲ್ಲ, ಗಿರಣಿಯ ಎದುರಿಗಿನ ಬಳೆ ಅಂಗಡಿಯ ಮುನ್ನೀ ಬೀ ಹೆಸರಿಗೆ ಬರೆ. ಸೋಮವಾರ ಗಿರಣಿ ಪೂಜೆಗೆ ಹೋದಾಗ ಇಸಿದುಕೊಳ್ಳುತ್ತೇನೆ. ಅವಳ ಫೋನಿಗೆ ಮಾತ್ರ ಮಾಡಬೇಡ. ಅದು ಅವಳ ಮಗ ಮುಷರ್ರಫನ ಕೈಯಲ್ಲಿರುತ್ತದೆ. ಅವನು ನಮ್ಮ ಗಿರಣಿಯಲ್ಲಿ ತೂಕಕ್ಕೆ ನಿಲ್ಲುವವನು. ನಾವು ಆಡಿದ ಮಾತು ಸಂಜೆಯೊಳಗೆ ಕೊಟ್ರೇಶನ ಕಿವಿಗೆ ಬೀಳುತ್ತದೆ.

ನಿನ್ನ ಅವ್ವ,
ಚನ್ನಮಲ್ಲಮ್ಮ


ಮುಂಬೈ
24 ಫೆಬ್ರವರಿ 2025

ಅವ್ವಾ,

ನಿನ್ನ ಸಾಮಾನಿನ ಪಟ್ಟಿ ಓದಿ ನಕ್ಕಿದ್ದು ಎಷ್ಟೆಂದರೆ ಪಕ್ಕದವಳು ಎದ್ದು ಬಂದು ನೋಡಿದಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅದನ್ನು ಬಿಡು.

ನಮ್ಮ ಕಂಪನಿಗೆ ಬರುವವರೆಲ್ಲ ಮಾಡುವ ತಪ್ಪು ಒಂದೇ. ಬಾಡಿಗೆ ನಮ್ಮದು, ವಿಮಾನ ನಮ್ಮದು, ಕೇಳುವವರು ಯಾರು ಎಂದುಕೊಳ್ಳುತ್ತಾರೆ. ಸಾಲಿನಲ್ಲಿ ನಿಲ್ಲುವುದಿಲ್ಲ, ನೂರು ಜನ ಚೀಲ ತಡಕುವುದಿಲ್ಲ ಎಂಬುದು ನಿಜ. ಆದರೆ ಬೆಂಕಿಗೆ ಮಾಲೀಕ ಯಾರು ಎಂದು ಗೊತ್ತಾಗುವುದಿಲ್ಲ. ದೊಡ್ಡ ವಿಮಾನದಲ್ಲಿ ಒಯ್ಯಬಾರದ್ದನ್ನು ಇದರಲ್ಲೂ ಒಯ್ಯಬಾರದು. ಗ್ಯಾಸ್ ಒಲೆ ಬೇಡ. ಕರ್ಪೂರ, ಕಡ್ಡಿಪೆಟ್ಟಿಗೆ ಬೇಡ. ಅಣ್ಣ ಪಟಾಕಿ ಕಟ್ಟುತ್ತಾನೆ, ಅವನ ಸ್ವಭಾವ ನನಗೆ ಗೊತ್ತು; ತೆಗೆಸು. ಈಳಿಗೆ ಕೂರುವ ಜಾಗಕ್ಕೆ ಬರಬಾರದು. ದೀಪ ಬರಲಿ, ಎಣ್ಣೆ ಅಲ್ಲೇ ಸಿಗುತ್ತದೆ. ಹೋಳಿಗೆ ಎಷ್ಟಾದರೂ ಒಯ್ಯಿ. ಉಪ್ಪಿನಕಾಯಿಯನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕು.

ಈಗ ನಿನಗೆ ಸಿಟ್ಟು ಬರುವ ಮಾತು. ಕೊಬ್ಬರಿ ಬೇಡ. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು ಎಂದು ಬಿಡುವುದಿಲ್ಲ. ಉದಯಪುರದಲ್ಲಿ ಕೊಂಡುಕೋ.

ಆ ವಿಮಾನ ಎಷ್ಟು ಸಣ್ಣದು ಎಂದರೆ ನಮ್ಮ ದೇವರ ಕೋಣೆಗಿಂತ ತುಸು ಉದ್ದ. ನೆಟ್ಟಗೆ ನಿಲ್ಲಲು ಬರುವುದಿಲ್ಲ. ಕಿಟಕಿ ತೆಗೆಯಲು ಬರುವುದಿಲ್ಲ. ಒಬ್ಬರು ಕೆಮ್ಮಿದರೆ ಎಲ್ಲರೂ ಉಸಿರಾಡುವುದು ಅದನ್ನೇ. ಅದಕ್ಕೇ ಇಷ್ಟೆಲ್ಲ ಹೇಳುವುದು. ತೂಕವೂ ನೋಡುತ್ತಾರೆ, ಆದ್ದರಿಂದ ಉಡಿಗೆ ಬೇಕಾದಷ್ಟೇ ಅಕ್ಕಿ ಕಟ್ಟು.

ಅಕ್ಕಿಯ ಚಿಂತೆ ಬಿಡು. ಅಕ್ಕಿಗೆ ಯಾರ ಅಡ್ಡಿಯೂ ಇಲ್ಲ. ಕಾಲ ಬಳಿಯೇ ಇಟ್ಟುಕೊಂಡು ಕೂರು.

ನಿನ್ನ
ಮಲ್ಲೇಶ್ವರಿ


ಮಾನ್ವಿ
12 ಮಾರ್ಚ್ 2025

ಮಲ್ಲೀ,

ಕೊಬ್ಬರಿ ಹೊತ್ತಿಕೊಳ್ಳುತ್ತದೆಯಂತೆ! ನನ್ನ ಮದುವೆಯಿಂದ ಇವತ್ತಿನವರೆಗೆ ಕೊಬ್ಬರಿ ಡಬ್ಬಿಯ ಪಕ್ಕದಲ್ಲೇ ಒಲೆ ಉರಿಸಿದ್ದೇನೆ, ಒಂದು ದಿನವೂ ಹೊತ್ತಿಲ್ಲ. ಆದರೂ ನೀನು ಹೇಳಿದೆ ಎಂದು ತೆಗೆದಿಟ್ಟೆ. ಕರ್ಪೂರವನ್ನೂ ತೆಗೆದೆ. ಗ್ಯಾಸ್ ಒಲೆ ತೆಗೆದಾಗ ಕೊಟ್ರೇಶ ನೋಡಿ, "ಯಾರ್ ಹೇಳ್ಯಾರ ನಿನಗ? ನಮ್ಮ ವಿಮಾನದಾಗ ನಮ್ಮನ್ ಯಾರ್ ಕೇಳ್ತಾರ ಬೇ?" ಅಂದ. ಸೊಸೆ ಸುನಂದಾ ನನ್ನ ಮುಖ ನೋಡಿ, "ಟಿವಿಯಾಗ ಬಂದಿತ್ತರಿ" ಅಂದು ಮಾತು ಮುಗಿಸಿದಳು. ಅವಳಿಗೆ ನಮ್ಮ ಪತ್ರದ ವಾಸನೆ ಬಡಿದಿರಬೇಕು. ಒಳ್ಳೆಯ ಹುಡುಗಿ.

ದೇವದುರ್ಗದಿಂದ ಅಕ್ಕಿ ಬಂತು. ಕೈಯಲ್ಲಿ ಹಿಡಿದರೆ ಹೊಲದ ವಾಸನೆ. ಒಂದು ಹೊಸ ಚೀಲ ಹೊಲಿಸಿ ತುಂಬಿ, ಬಾಯಿ ಕಟ್ಟಿ, ದೇವರ ಕೋಣೆಯ ಮೂಲೆಯಲ್ಲಿ ಇಟ್ಟಿದ್ದೇನೆ. ಇಷ್ಟೇಕೆ ಎಂದು ಕೇಳಬೇಡ. ನನ್ನ ಲೆಕ್ಕ ನನಗಿದೆ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ಚೀಲ ಇಟ್ಟ ಮೇಲೆ ದೇವರ ಕೋಣೆಯಲ್ಲಿ ಹಲ್ಲಿಗಳು ಸತ್ತು ಬೀಳುತ್ತಿವೆ. ಮೊದಲ ದಿನ ಒಂದು. ನಿನ್ನೆ ಚೀಲದ ಬುಡದಲ್ಲಿಯೇ ಎರಡು, ಹೊಟ್ಟೆ ಮೇಲಾಗಿ. ಇವತ್ತು ಒಂದು ಇಲಿಮರಿ. ಮದುವೆ ಮನೆಯಲ್ಲಿ ಇದೆಂಥ ಶಕುನ? ಅಪ್ಪನಿಗೆ ಹೇಳಿದರೆ, "ಹಲ್ಲಿ ಸತ್ರ ಮದಿವಿ ನಿಲ್ಸಬೇಕೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸ್ವಾಮಿಗಳನ್ನು ಕೇಳಿದೆ. ದಿನಾ ಅರಿಶಿನದ ನೀರು ಚಿಮುಕಿಸಿ ವಿಭೂತಿ ಇಡು ಅಂದರು. ಹಾಗೇ ಮಾಡುತ್ತಿದ್ದೇನೆ. ಚೀಲದ ಮೇಲೂ ಚಿಮುಕಿಸುತ್ತೇನೆ.

ನಿನ್ನ ಅವ್ವ


ಮುಂಬೈ
24 ಮಾರ್ಚ್ 2025

ಅವ್ವಾ,

ಹಲ್ಲಿಯ ಸುದ್ದಿ ನನಗೂ ಹಿಡಿಸಲಿಲ್ಲ. ಶಕುನ ಎಂದಲ್ಲ. ಸುಮ್ಮಸುಮ್ಮನೆ ಹಲ್ಲಿ ಸಾಯುವುದಿಲ್ಲ. ಆ ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದಾರಾ? ಅಥವಾ ಚೀಲದಲ್ಲಿ ಔಷಧಿ ಏನಾದರೂ ಇದೆಯಾ? ಸುನಂದಾ ಅತ್ತಿಗೆಯನ್ನು ಕೇಳಿ ನೋಡು. ಏನಾದರೂ ಇದ್ದರೆ ಆ ಅಕ್ಕಿ ಬಿಟ್ಟು ಬೇರೆ ಅಕ್ಕಿ ಕಟ್ಟು, ತವರಿನಲ್ಲಿ ಇನ್ನೊಂದು ಚೀಲ ಸಿಗದೇ ಹೋಗುವುದಿಲ್ಲ. ನೀರು ಚಿಮುಕಿಸಬೇಡ. ಬೇಗ ಬರೆ.

ಮದುವೆಗೆ ನನ್ನನ್ನು ಕರೆಯುವುದಿಲ್ಲ ಎಂದು ಗೊತ್ತಿದೆ. ಸ್ವಪ್ನಾಳಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ. ಯಾವತ್ತು ಕೊಡುತ್ತೇನೋ ಗೊತ್ತಿಲ್ಲ. ನೀನು ಉಡಿ ತುಂಬುವಾಗ ಅವಳ ಮುಖ ಹೇಗಿತ್ತು ಎಂದು ಬರೆದು ತಿಳಿಸು. ನನಗೆ ಅಷ್ಟು ಸಾಕು ಎಂದು ಬರೆಯಬೇಕೆಂದಿದ್ದೆ. ಸಾಕಾಗುವುದಿಲ್ಲ, ಅವ್ವಾ. ನನಗೂ ಹೊಟ್ಟೆಕಿಚ್ಚಾಗುತ್ತದೆ.

ನಿನ್ನ
ಮಲ್ಲೇಶ್ವರಿ


ಮಾನ್ವಿ
21 ಏಪ್ರಿಲ್ 2025

ಮಲ್ಲೀ,

ನಿನ್ನ ಪತ್ರ ಇವತ್ತು ಕೈಗೆ ಬಂತು. ಮುನ್ನೀ ಬೀ ರಂಜಾನಿಗೆಂದು ರಾಯಚೂರಿನ ಮಗಳು ನಿಗಾರಳ ಮನೆಗೆ ಹೋದವಳು ಜ್ವರ ಬಂದು ಅಲ್ಲೇ ಮಲಗಿಬಿಟ್ಟಿದ್ದಳು. ಅಂಗಡಿಗೆ ಬೀಗ. ನಿನ್ನ ಪತ್ರ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. "ಅಕ್ಕಾ, ಮಾಫ್ ಮಾಡ್ರಿ, ಮೈಯಾಗ ದಮ್ ಇರಲಿಲ್ಲ" ಎಂದು ಕೈ ಹಿಡಿದು ಅತ್ತಳು. ಅವಳು ಕೊಟ್ಟ ಹಸಿರು ಬಳೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಕಾಗದಕ್ಕೆ ತಾಗಿ ಸದ್ದಾಗುತ್ತಿದೆ.

ಔಷಧಿ ಇದೆಯಾ ಎಂದು ಕೇಳಿದ್ದೀ. ಔಷಧಿ ಏನಿಲ್ಲ, ಗುಳಿಗೆ ಇದೆ ಅಷ್ಟೇ. ಅಕ್ಕಿಗೆ ಹುಳ ಬೀಳದಂತೆ ಗಿರಣಿಯಲ್ಲಿ ಇಡುತ್ತಾರಲ್ಲ, ಅದೇ. ಹೋದ ವರ್ಷ ದೇವದುರ್ಗದ ಅಕ್ಕಿಗೆ ನುಸಿ ಹತ್ತಿ ಹಾಳಾಗಿತ್ತು. ಉಡಿ ತುಂಬುವಾಗ ಬೀಗರ ಮುಂದೆ ಹುಳ ಹರಿದರೆ ಮಾನ ಹೋಗುತ್ತದೆ ಎಂದು ಅಪ್ಪನೇ ಒಂದು ಹಿಡಿ ತಂದುಕೊಟ್ಟರು. ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಚೀಲದ ನಡುವೆ ಹುಗಿದಿದ್ದೇನೆ. ನಮ್ಮ ಮನೆಯ ಕಾಳು ತುಂಬುವ ಹಗೇವಿನಲ್ಲಿ, ಡಬ್ಬಿಯಲ್ಲಿ ಅದು ಯಾವಾಗ ಇರಲಿಲ್ಲ ಹೇಳು? ನೀನು ಅದೇ ಅಕ್ಕಿ ಉಂಡು ಬೆಳೆದವಳು. ಗಿರಣಿ ಮನೆಯವರು ಗುಳಿಗೆಗೆ ಹೆದರಿದರೆ ಆಯಿತೇ?

ಅರಿಶಿನದ ಕಲೆ ವಿಮಾನದ ಬಿಳಿ ಸೀಟಿಗೆ ಹತ್ತುತ್ತದೆ ಎಂದು ಕೊಟ್ರೇಶ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿ ಟೇಪ್ ಬಿಗಿದಿದ್ದಾನೆ. ಅಂದಿನಿಂದ ಹಲ್ಲಿ ಸಾಯುವುದೂ ನಿಂತಿದೆ. ಸ್ವಾಮಿಗಳು ಹೇಳಿದ್ದು ಸುಳ್ಳಾಗಲಿಲ್ಲ ನೋಡು.

28ರಂದು ಸೋಮವಾರ ನಸುಕಿಗೆ ಇಲ್ಲಿಂದ ಗಾಡಿ ಬಿಡುತ್ತೇವೆ. ವಿಮಾನ ಮಧ್ಯಾಹ್ನದ ಮುಂಚೆ. ನೀನು ಹೇಳಿದ ಹಾಗೆ ಚೀಲ ಕಾಲ ಬಳಿಯೇ ಇಟ್ಟುಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಪಡಬೇಡ. ಅವ್ವ ಯಾರನ್ನೂ ಮರೆತಿಲ್ಲ.

ನಿನ್ನ ಅವ್ವ


ಮುಂಬೈ
28 ಏಪ್ರಿಲ್ 2025, ಸಂಜೆ

ಅವ್ವಾ,

ನೀನು ಇದನ್ನು ಓದುವುದು ಮದುವೆ ಮುಗಿಸಿ ಮರಳಿದ ಮೇಲೆ. ನನ್ನ ಮೇಲೆ ಸಿಟ್ಟಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಆಫೀಸಿಗೆ ಬಂತು. ಗುಳಿಗೆ ಎಂಬ ಮಾತನ್ನು ಎರಡು ಸಲ ಓದಿದೆ. ಗಿರಣಿಯಲ್ಲಿ ತಾಡಪಾಲು ಹೊದಿಸಿ ಗುಳಿಗೆ ಇಟ್ಟಾಗ ಅಪ್ಪ ನಮ್ಮನ್ನು ಹತ್ತಿರ ಸುಳಿಯಗೊಡುತ್ತಿದ್ದರಾ, ನೆನಪು ಮಾಡಿಕೋ. ಅದಕ್ಕೆ ನೀರಿನ ಪಸೆ ತಾಗಿದರೆ ವಿಷದ ಗಾಳಿ ಬಿಡುತ್ತದೆ, ಅವ್ವಾ. ಹಲ್ಲಿ ಸತ್ತಿದ್ದು ಅದಕ್ಕೆ. ಮೊದಲು ಬೆಳ್ಳುಳ್ಳಿಯಂಥ ವಾಸನೆ, ಆಮೇಲೆ ತಲೆನೋವು, ವಾಂತಿ, ಎದೆಯಲ್ಲಿ ಬಿಗಿತ, ಜೋಂಪು. ಮಲಗಿದವರು ಏಳುವುದಿಲ್ಲ. ನಮ್ಮ ಮನೆಗೆ ಬೆಳಕಿಂಡಿ ಇತ್ತು, ನಡುಮನೆಗೆ ಗಾಳಿ ಇತ್ತು, ಅದಕ್ಕೇ ನಾವು ಬದುಕಿದ್ದು. ಕಿಟಕಿ ತೆಗೆಯಲಾಗದ ಸಣ್ಣ ಜಾಗದಲ್ಲಿ, ದಿನಾ ನೀರು ಕುಡಿಸಿದ ಆ ಚೀಲದ ಜೊತೆ ನೀವೆಲ್ಲ ಕುಳಿತಿದ್ದೀರಿ ಎಂದುಕೊಂಡ ಕೂಡಲೇ ಫೋನ್ ಎತ್ತಿಕೊಂಡೆ.

ಅಣ್ಣನಿಗೆ ಫೋನ್ ಮಾಡಿದೆ. ನನ್ನ ನಂಬರಿನಿಂದ ಹೋಗುವುದೇ ಇಲ್ಲ. ಗೆಳತಿಯ ಫೋನಿನಿಂದ ಮಾಡಿದರೆ ಕತ್ತರಿಸಿದ. ಅತ್ತಿಗೆಯದು ಬಂದ್. ಕೊನೆಗೆ ನಿನ್ನ ಮಾತು ಮೀರಿ ಮುಷರ್ರಫನಿಗೆ ಮಾಡಿದೆ. "ಎಲ್ಲಾರೂ ನಸಿಕಿನ್ಯಾಗ ಹೋಗ್ಯಾರಲ್ರಿ ಅಕ್ಕಾ, ಈಗ ಇಮಾನ ಹತ್ತಾಕತ್ತಿರಬೇಕು" ಅಂದ.

ನಿಮ್ಮ ವಿಮಾನದ ಕಂಪನಿಯಲ್ಲಿ ಗುಲ್ಫಶಾ ಎಂಬವಳ ಪರಿಚಯ ನನಗಿತ್ತು. ಅವಳ ಕಾಲು ಹಿಡಿಯುವುದೊಂದು ಬಾಕಿ. ಎಲ್ಲ ಬಿಡಿಸಿ ಹೇಳಿದೆ. ಅವಳು ಪೈಲಟ್‌ಗೆ ಹೇಳಿದಳು, ಪೈಲಟ್ ಅಲ್ಲಿಯ ಸಾಮಾನಿನವರಿಗೆ ಹೇಳಿದ. ಆಮೇಲೆ ಅವಳದೇ ಫೋನ್ ಬಂತು. ಚೀಲ ಇಳಿಸಿದರು, ವಿಮಾನ ಏರಿತು ಎಂದಳು. ನನಗೆ ಬೇಕಾದದ್ದು ಅಷ್ಟೇ. ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಚೀಲವನ್ನು ಬಯಲಿನಲ್ಲಿಡಿ, ಯಾರೂ ಮುಟ್ಟಬೇಡಿ ಎಂದೂ ಹೇಳಿದ್ದೆ. ಇಟ್ಟಿರುತ್ತಾರೆ.

ತವರಿನ ಅಕ್ಕಿ ತಪ್ಪಿಸಿದಳು ಎಂದು ಬೇಸರ ಮಾಡಬೇಡ. ಉದಯಪುರದ ಅಂಗಡಿಯ ಅಕ್ಕಿಯಾದರೂ ತುಂಬುವ ಕೈ ನಿನ್ನದೇ ಅಲ್ಲವೇ? ಇಷ್ಟು ಹೊತ್ತಿಗೆ ನೀನು ಹೋಟೆಲಿನ ಮೆತ್ತನೆಯ ಹಾಸಿಗೆಯ ಮೇಲೆ ಕುಳಿತು ನನ್ನನ್ನು ಬೈಯುತ್ತಿರಬಹುದು. ಬೈಯಿ. ಅದನ್ನು ಕೇಳುವುದಕ್ಕೇ ಈ ಸಲ ಊರಿಗೆ ಬರುತ್ತೇನೆ, ಅಪ್ಪ ಬಾಗಿಲು ಹಾಕಿಕೊಂಡರೂ ಬರುತ್ತೇನೆ.

ನಿನ್ನ
ಮಲ್ಲೇಶ್ವರಿ


ಸಿಂಧನೂರು
28 ಏಪ್ರಿಲ್ 2025, ಇಳಿಹೊತ್ತು

ಮಲ್ಲೀ,

ಅಕ್ಷರ ಕೊಂಕಾದರೆ ಕಾರಿನಲ್ಲಿ ಕುಳಿತು ಬರೆಯುತ್ತಿರುವುದಕ್ಕೆ. ಡ್ರೈವರ್ ಜಹೀರ್ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಚಹಾ ಕುಡಿಯಲು ಇಳಿದಿದ್ದಾನೆ. ಹೊರಗೆ ಕೆಂಡದಂಥ ಬಿಸಿಲು. ನನಗೆಂದು ಎಸಿ ಹಾಗೇ ಬಿಟ್ಟುಹೋಗಿದ್ದಾನೆ.

ನಾನು ವಿಮಾನದಲ್ಲಿ ಹೋಗಲಿಲ್ಲ. ಎಲ್ಲರೂ ಕುಳಿತ ಮೇಲೆ ಒಬ್ಬ ಬಂದು ನನ್ನ ಕಾಲ ಬಳಿಯ ಚೀಲ ಎತ್ತಿದ. ಹಿಂದಿಯಲ್ಲಿ ಏನೇನೋ ಹೇಳಿದ; ಕೊಟ್ರೇಶ ಕಾರಣ ಕೇಳಿದರೆ ತನಗೂ ಗೊತ್ತಿಲ್ಲ ಅಂದನಂತೆ. ನನಗೆ ತಿಳಿದದ್ದು ಎರಡೇ: ಚೀಲ ಬರುವಂತಿಲ್ಲ, ಮುಂಬೈಯಿಂದ ಫೋನ್ ಬಂದಿದೆ. ಮುಂಬೈ ಎಂದ ಕೂಡಲೇ ನೀನೇ ಎಂದು ಗೊತ್ತಾಯಿತು. ಕೊಬ್ಬರಿಯ ಹಾಗೆ ಅಕ್ಕಿಗೂ ಹೊಸದೇನೋ ನಿಯಮ ಬಂದಿರಬೇಕು. ಸಿಟ್ಟಿಲ್ಲ ನನಗೆ. ನಾನು ಹೋಗುವ ದಿನವನ್ನು ನೆನಪಿಟ್ಟುಕೊಂಡಿದ್ದೀಯಲ್ಲ, ಅದೇ ಹಿತವಾಯಿತು.

ಆದರೆ ಚೀಲ ಬಿಟ್ಟು ಹೋಗಲು ನನಗಾಗಲಿಲ್ಲ. ಅಪ್ಪ ಎಲ್ಲರೆದುರು, "ನೀ ಬರ್ತೀಯೇನು, ಚೀಲದ ಜೋಡಿ ಇಲ್ಲೇ ಇರ್ತೀಯೇನು?" ಅಂದರು. "ಚೀಲದ ಜೋಡಿನೇ ಇರ್ತೀನ್ರಿ" ಅಂದು ಇಳಿದುಬಿಟ್ಟೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು. ಖುಷಿಯಾಯಿತು. ಸ್ವಪ್ನಾ ಅಳುತ್ತಿದ್ದಳು. ನಾಳೆ ಹೈದರಾಬಾದಿನಿಂದ ದೊಡ್ಡ ವಿಮಾನಕ್ಕೆ ಕಳಿಸುವ ವ್ಯವಸ್ಥೆ ಮಾಡುತ್ತೇನೆ ಎಂದು ಕೊಟ್ರೇಶ ಹೇಳಿದ್ದಾನೆ. ಮದುವೆ ನಾಡಿದ್ದು. ಮುಟ್ಟುತ್ತೇನೆ.

ಸಾಮಾನಿನವರು ಚೀಲ ಬಯಲಿನಲ್ಲಿ ಇಟ್ಟಿದ್ದರು, ನಾಯಿ ಮೂಸುವ ಜಾಗದಲ್ಲಿ. ಹತ್ತಿರ ಯಾರೂ ಇರಲಿಲ್ಲ, ಜಹೀರ್ ತಂದು ಡಿಕ್ಕಿಯಲ್ಲಿ ಹಾಕಿದ. ಉಡಿಯಕ್ಕಿಯನ್ನು ಚಪ್ಪಲಿಯ ಜೊತೆ ಇಡುತ್ತಾರೆಯೇ? ನಾನೇ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಪ್ಲಾಸ್ಟಿಕ್ಕಿನ ಒಳಗೆಲ್ಲ ಬೆವರಿತ್ತು, ಅಕ್ಕಿ ಕೆಡಬಾರದು ಎಂದು ಅದನ್ನೂ ಬಿಚ್ಚಿ ಒಗೆದೆ.

ಈಗ ನನ್ನ ಲೆಕ್ಕ ಹೇಳುತ್ತೇನೆ. ಈ ಚೀಲದಲ್ಲಿರುವುದು ಇಬ್ಬರ ಅಕ್ಕಿ. ಅರ್ಧ ಸ್ವಪ್ನಾಳದು, ಅರ್ಧ ನಿನ್ನದು. ಮದುವೆ ಮುಗಿಸಿ ಬರುವಾಗ ಮುಂಬೈಗೆ ಬರಬೇಕೆಂದಿದ್ದೇನೆ. ಸುನಂದಾಳಿಗೆ ಮಾತ್ರ ಹೇಳಿದ್ದೇನೆ, ಅವಳು ಟಿಕೆಟ್ ಮಾಡಿಸಿದ್ದಾಳೆ. ನಿನಗೆ ಗಂಡ ಇರಲಿ, ಇಲ್ಲದಿರಲಿ, ನೀನು ನನ್ನ ಮಗಳು. ನಿನ್ನ ಬಾಡಿಗೆ ಕೋಣೆಯಲ್ಲೇ ಮಣೆ ಹಾಕಿ ಕೂರಿಸಿ ಉಡಿ ತುಂಬುತ್ತೇನೆ. ಇದನ್ನು ಬಯಲಲ್ಲಿ ಬಿಟ್ಟು ಹೇಗೆ ಹೋಗಲಿ ಹೇಳು?

ಜಹೀರ್ ಬಂದ. ಚಹಾ ಕಕ್ಕಿದನಂತೆ, ಮುಖ ಬಿಳಿಚಿದೆ. ನನಗೂ ತಲೆ ಸಿಡಿಯುತ್ತಿದೆ, ಎದೆ ಹಿಡಿದಂತಾಗಿದೆ. ನಸುಕಿಗೆ ಎದ್ದದ್ದು, ಮೇಲೆ ಬಿಸಿಲು. ಗಾಡಿ ತುಂಬ ಬೆಳ್ಳುಳ್ಳಿ ವಾಸನೆ. ಸುನಂದಾ ಬುತ್ತಿಯಲ್ಲಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಇಟ್ಟಿದ್ದಳು, ಡಬ್ಬಿ ಬಾಯಿ ಬಿಟ್ಟಿರಬೇಕು. "ಗಲಾಸು ಇಳಸ್ಲೇನ್ರಿ ಅಮ್ಮಾರ?" ಎಂದು ಕಿಟಕಿ ತೋರಿಸಿ ಕೇಳಿದ. ಬೇಡ, ಉಡಿಯಕ್ಕಿಯ ಮೇಲೆ ಧೂಳು ಕೂರುತ್ತದೆ ಎಂದೆ.

ದಾರಿಯಲ್ಲಿ ಇದನ್ನು ಮುನ್ನೀ ಬೀ ಕೈಗೆ ಕೊಟ್ಟು ಮುಂದೆ ಹೋಗುತ್ತೇನೆ. ಕಣ್ಣು ಎಳೆಯುತ್ತಿದೆ. ಚೀಲದ ಮೇಲೆ ತಲೆ ಇಟ್ಟು ಸ್ವಲ್ಪ ಒರಗುತ್ತೇನೆ. ಪೋತ್ನಾಳ ಬಂದರೆ ಎಬ್ಬಿಸು ಎಂದು ಜಹೀರನಿಗೆ ಹೇಳಿದ್ದೇನೆ.

ನಿನ್ನ ಅವ್ವ,
ಚನ್ನಮಲ್ಲಮ್ಮ